ದಾಂಡೇಲಿಯಿಂದ ಕಿತ್ತೂರಿಗೆ ಒಂದು ತೊಟ್ಟಿಲು

ದಾಂಡೇಲಿ ಬಿಟ್ಟಾಗ ಬೆಳಗಿನ ಆರೂವರೆ. ನವೆಂಬರದ ಚಳಿ, ಕಾಳಿ ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಅವ್ವ ಕೂತಿದ್ದಳು. ಅವಳ ತೊಡೆಯ ಮೇಲೆ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಗೇಣುದ್ದದ ಕಟ್ಟಿಗೆಯ ತೊಟ್ಟಿಲು. ಅದನ್ನು ಮಾಡಿದ್ದು ಅಣ್ಣ, ಅಪ್ಪನ ಹಳೆಯ ಉಳಿ, ಬಾಚಿ ಹಿಡಿದು, ಮನೆಯಲ್ಲಿ ಬಿದ್ದಿದ್ದ ಸಾಗವಾನಿ ತುಂಡಿನಿಂದ. ಅಪ್ಪ ಬದುಕೆಲ್ಲ ಬಡಿಗತನ ಮಾಡಿದವರು. ಅವರು ಹೋದ ಮೇಲೆ ಆ ಉಳಿಗೆ ಕೆಲಸ ಸಿಕ್ಕಿದ್ದು ಇದೇ ಮೊದಲು.

ನನಗೆ ಕಿತ್ತೂರಿನ ಕೋಟೆ ಮತ್ತು ಅಲ್ಲಿರುವ ಸಣ್ಣ ವಸ್ತುಸಂಗ್ರಹಾಲಯ ನೋಡಬೇಕಿತ್ತು. ಅವ್ವನಿಗೆ ನಂದಗಡಕ್ಕೆ ಹೋಗಿ ಹರಕೆ ತೀರಿಸಬೇಕಿತ್ತು. ಎಂಟು ವರ್ಷ ಕಾದ ಮೇಲೆ ತಂಗಿಗೆ ಹೆಣ್ಣು ಮಗು ಹುಟ್ಟಿದೆ. "ನೀ ನಿನ್ನ ಕೋಟಿ ನೋಡು, ನಾ ನನ್ನ ರಾಯಣ್ಣನ ನೋಡ್ತೀನಿ" ಎಂದು ಹಿಂದಿನ ರಾತ್ರಿಯೇ ಒಪ್ಪಂದವಾಗಿತ್ತು. ಹೋಗುವಾಗ ಕಿತ್ತೂರು, ಬರುವಾಗ ನಂದಗಡ.

ಹಳಿಯಾಳ ದಾಟುವಾಗ ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು. ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ರಸ್ತೆಯ ಅರ್ಧ ಹಿಡಿದಿದ್ದವು. ಈ ಊರನ್ನು ನಾವು ಸಂತೆಯ ಊರು, ಬಸ್ಸು ಬದಲಿಸುವ ಊರು ಎಂದಷ್ಟೇ ನೋಡುತ್ತ ಬೆಳೆದವರು. 1800ರಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನು ಹತ್ತಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ, ತನ್ನ ಪತ್ರಗಳಲ್ಲಿ ಹಳಿಯಾಳದ ಹೆಸರನ್ನು ಮತ್ತೆ ಮತ್ತೆ ಬರೆದಿದ್ದಾನೆ. ಮರಾಠರ ಸೀಮೆಯ ಅಂಚಿನ ಈ ಕೋಟೆ ಅವನಿಗೆ ಬೇಕಾದ ಠಾಣ್ಯವಾಗಿತ್ತು. ಆಗ ಕಿತ್ತೂರಿನ ದೇಸಾಯರು ಈಸ್ಟ್ ಇಂಡಿಯಾ ಕಂಪನಿಗೆ ಶತ್ರುಗಳಲ್ಲ. 1818ರಲ್ಲಿ ಪೇಶ್ವೆಯ ವಿರುದ್ಧ ಥಾಮಸ್ ಮನ್ರೋ ದಂಡೆತ್ತಿ ಬಂದಾಗಲೂ ಕಿತ್ತೂರು ಅವನಿಗೆ ನೆರವಾಗಿತ್ತು. ಆ ನೆರವಿಗೆ ಏಳು ವರ್ಷವೂ ತುಂಬಿರಲಿಲ್ಲ, ಅದೇ ಕಂಪನಿ ತೋಪು ಎಳೆದುಕೊಂಡು ಕಿತ್ತೂರಿನ ಬಾಗಿಲಿಗೆ ಬಂತು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ಅಳ್ನಾವರದ ಸೀಮೆಗೆ ಬಂದಾಗ ಅವ್ವ ಕಿಟಕಿಯ ಗಾಜು ಇಳಿಸಿದಳು. "ಡೋರಿ ಹಳ್ಳ ಇಲ್ಲೇ ಅಲ್ಲೇನು?" ಎಂದು ಕೇಳಿದಳು. ಇದೇ ಸೀಮೆಯ ಡೋರಿ ಬೆಣಚಿಯ ಹಳ್ಳದಲ್ಲಿ 1830ರ ಏಪ್ರಿಲ್‌ನಲ್ಲಿ, ಕಿತ್ತೂರಿಗಾಗಿ ಕಂಪನಿಯ ವಿರುದ್ಧ ದಂಗೆ ಎದ್ದಿದ್ದ ಸಂಗೊಳ್ಳಿ ರಾಯಣ್ಣ ಸಿಕ್ಕಿಬಿದ್ದ. ಸ್ನಾನಕ್ಕೆ ಇಳಿದಿದ್ದ, ಕತ್ತಿ ಕೈಯಲ್ಲಿರಲಿಲ್ಲ, ನಂಬಿದವರೇ ಹಿಡಿದುಕೊಟ್ಟರು. ಅವ್ವ ಲಾವಣಿ ಕೇಳುತ್ತ ಬೆಳೆದವಳು. ಈ ಭಾಗ ಬಂದಾಗ ಹಾಡುವವರ ದನಿ ಹೇಗೆ ಇಳಿಯುತ್ತಿತ್ತು, ಕೂತ ಹೆಂಗಸರು ಹೇಗೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು ಎಂಬುದನ್ನು ಹೇಳುತ್ತ ಹೋದಳು. ರಾಯಣ್ಣನ ಜತೆಗಾರ ಗಜವೀರನ ಮಾತೂ ಬಂತು. ಅವನು ಸಿದ್ದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೊಯಿಡಾದ ಕಾಡಂಚಿನಲ್ಲಿ ಇವತ್ತಿಗೂ ಬದುಕುತ್ತಿರುವ ಸಿದ್ದಿಗಳಿಗೆ ಗಜವೀರ ತಮ್ಮವನು. ಅವನ ಕತೆಯನ್ನು ಜನರ ನೆನಪೇ ಕಾಪಾಡಿಕೊಂಡು ಬಂದಿದೆ.

ಕಕ್ಕೇರಿ ದಾಟಿ ಬೀಡಿಗೆ ಬಂದೆವು. 1830ರ ಜನವರಿಯಲ್ಲಿ ರಾಯಣ್ಣನ ದಂಡು ಬೀಡಿಯ ಸರಕಾರಿ ಕಚೇರಿಗೆ ಬೆಂಕಿ ಇಟ್ಟಿತ್ತು. ಕಂಪನಿ ಕಸಿದುಕೊಂಡ ಹೊಲಗಳ ಕಾಗದಪತ್ರ ಇದ್ದದ್ದು ಇಂಥ ಕಚೇರಿಗಳಲ್ಲೇ ಎಂಬುದು ನೆನಪಿದ್ದರೆ, ಆ ಬೆಂಕಿ ಯಾಕೆ ಬಿತ್ತು ಎಂದು ಬೇರೆ ಹೇಳಬೇಕಿಲ್ಲ. ಬೀಡಿಯಲ್ಲಿ ಚಹಾ ಕುಡಿದು, ಒಂದೊಂದು ಮಿರ್ಚಿ ತಿಂದು ಮುಂದೆ ಹೊರಟೆವು.

ಕಿತ್ತೂರಿನ ಕೋಟೆಯೊಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಖಾಲಿ ಜಾಗ. ಎತ್ತರದ ಕಟ್ಟಡಗಳಿಲ್ಲ. ಹುಲ್ಲು, ಮರಗಳು, ನಡುವೆ ಮಾಡು ಇಲ್ಲದ ಅರಮನೆಯ ದಪ್ಪ ಗೋಡೆಗಳು. 17ನೇ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ಕಟ್ಟಿಸಿದ್ದು. ಅದಕ್ಕೂ ಮೊದಲು, 1585ರ ಹೊತ್ತಿಗೆ, ಸಾಗರದ ಕಡೆಯಿಂದ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರಿಂದ ಈ ಮನೆತನ ಶುರುವಾಯಿತು. ಕೋಟೆಯ ಆವರಣದಲ್ಲೇ ಚೆನ್ನಮ್ಮನ ಹೆಸರಿನ ಸರಕಾರಿ ವಸ್ತುಸಂಗ್ರಹಾಲಯವಿದೆ. ದೊಡ್ಡದೇನಲ್ಲ, ಅವಸರದಲ್ಲಿದ್ದವರು ಅರ್ಧ ಗಂಟೆಯಲ್ಲಿ ಸುತ್ತಿ ಬಂದಾರು. ನಾವು ಅಲ್ಲಿ ಎರಡು ತಾಸಿಗೂ ಹೆಚ್ಚು ಇದ್ದೆವು.

ಹೊರಗೆ ವೀರಗಲ್ಲುಗಳು, ಸುತ್ತಲಿನ ಊರುಗಳಿಂದ ತಂದ ಮೂರ್ತಿಗಳು. ಒಳಗೆ ಕತ್ತಿ, ಗುರಾಣಿ, ಕಬ್ಬಿಣದ ಬಳೆ ಹೆಣೆದ ಕವಚ. ಶಾಲೆಯ ಮಕ್ಕಳ ಒಂದು ಗುಂಪು ಕತ್ತಿಗಳ ಮುಂದೆಯೇ ನಿಂತುಬಿಟ್ಟಿತ್ತು. ಆ ಕವಚದ ಮುಂದೆ ನಾನೂ ಬಹಳ ಹೊತ್ತು ನಿಂತೆ. ಅದನ್ನು ತೊಟ್ಟುಕೊಂಡು ಅಕ್ಟೋಬರದ ಬಿಸಿಲಿನಲ್ಲಿ ಬಾಗಿಲು ತೆರೆದು ಹೊರಗೆ ಓಡಬೇಕೆಂದರೆ ಎದೆಯಲ್ಲಿ ಎಂಥ ಬಲ ಇರಬೇಕು!

1824ರ ಅಕ್ಟೋಬರ್ 23ರಂದು ಆದದ್ದು ಅದೇ. ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಅವನಿಗೆ ಮಕ್ಕಳಿರಲಿಲ್ಲ, ದತ್ತಕ ತೆಗೆದುಕೊಂಡಿದ್ದರು. ದತ್ತಕದ ಪತ್ರವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ನಂಬಲಿಲ್ಲ. ಅರಮನೆಯ ಖಜಾನೆಗೆ ತನ್ನ ಮುದ್ರೆ ಹಾಕಿಸಿ ಕಾವಲು ಇಟ್ಟ. ಇದನ್ನು ಡಾಲ್‌ಹೌಸಿಯ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ನೀತಿ ಎಂದು ಹೇಳುವುದು ರೂಢಿಯಾಗಿಬಿಟ್ಟಿದೆ. ಆದರೆ ಡಾಲ್‌ಹೌಸಿ ಭಾರತಕ್ಕೆ ಬಂದದ್ದೇ 1848ರಲ್ಲಿ. ಸಾತಾರಾ, ಝಾನ್ಸಿಗಳಿಗೆ ಆದ ಅನ್ಯಾಯ ಕಿತ್ತೂರಿಗೆ ಇಪ್ಪತ್ತು ವರ್ಷ ಮೊದಲೇ ಆಗಿತ್ತು, ಅದಕ್ಕೆ ನೀತಿ ಎಂಬ ಹೆಸರೂ ಆಗ ಇರಲಿಲ್ಲ. ಅವನ ತಂದೆ ಮಲ್ಲಸರ್ಜನ ವಿಧವೆ, ರಾಣಿ ಚೆನ್ನಮ್ಮ ಒಪ್ಪಲಿಲ್ಲ. ಥ್ಯಾಕರೆ ಬಾಗಿಲು ಒಡೆಯಲು ತೋಪು ತರಿಸಿದ. ಬಾಗಿಲು ಒಳಗಿನಿಂದಲೇ ತೆರೆಯಿತು, ಸರದಾರ ಗುರುಸಿದ್ಧಪ್ಪನ ದಂಡು ನುಗ್ಗಿ ಬಂತು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಅವನ ಜತೆ ಬಂದಿದ್ದ ಮೂವರು ದಂಡಿನ ಅಧಿಕಾರಿಗಳೂ ಸತ್ತರು.

"ಅಜ್ಜೀ, ಮುಟ್ಟಬ್ಯಾಡ್ರಿ" ಎಂಬ ಕಾವಲಿನವರ ದನಿ ಕೇಳಿ ತಿರುಗಿದೆ. ಅವ್ವ ಕತ್ತಿಗಳ ಕಡೆ ಹೋಗಿಯೇ ಇರಲಿಲ್ಲ. ಅರಮನೆಯದೆಂದು ಇಟ್ಟಿದ್ದ ಕೆತ್ತನೆಯ ಬಾಗಿಲಿನ ಚೌಕಟ್ಟಿನ ಮುಂದೆ ನಿಂತಿದ್ದಳು. ಬಯ್ಯಿಸಿಕೊಂಡವಳಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು, ಮುಖ ಮಾತ್ರ ಕಟ್ಟಿಗೆಗೆ ಇನ್ನಷ್ಟು ಹತ್ತಿರ ಒಯ್ದಳು.

"ಇಲ್ನೋಡು. ಮೊಳಿ ಒಂದೂ ಇಲ್ಲ."

ನೋಡಿದೆ. ಮೂಲೆಯಲ್ಲಿ ಕಂಬ ಮತ್ತು ಮೇಲಿನ ಪಟ್ಟಿ ಒಂದರೊಳಗೊಂದು ಕೂತಿದ್ದವು, ನಡುವೆ ಕಟ್ಟಿಗೆಯದೇ ಕೀಲು. ಕೀಲಿನ ತಲೆ ಚಿಕ್ಕ ನಾಣ್ಯದಷ್ಟು, ಬಣ್ಣ ಮಾತ್ರ ಒಂಚೂರು ಬೇರೆ. ಪಟ್ಟಿಯ ಉದ್ದಕ್ಕೂ ಬಳ್ಳಿ, ಬಳ್ಳಿಯ ತಿರುವಿಗೊಂದು ಹೂವು. ಒಂದು ಕಡೆ ಉಳಿ ಒಂದಿಷ್ಟು ಆಳಕ್ಕೆ ಇಳಿದು ಎಸಳು ಸಣ್ಣದಾಗಿತ್ತು. ಕೆತ್ತಿದವನು ಪಕ್ಕದ ಎಸಳನ್ನೂ ಅಷ್ಟೇ ಸಣ್ಣದು ಮಾಡಿ ಸರಿದೂಗಿಸಿದ್ದ. ಅದನ್ನು ಕಂಡು ಹಿಡಿದಿದ್ದು ಅವ್ವನೇ. ಮನೆಯ ಮುಂದಿನ ಚಪ್ಪರದ ಕೆಳಗೆ ಅಪ್ಪ ಕೆಲಸ ಮಾಡುವಾಗ ಎದುರು ಕೂತು ಅಕ್ಕಿ ಆರಿಸುತ್ತಿದ್ದ ಕಣ್ಣು ಅದು.

"ನಮ್ಮ ಅಡವೀದ್ದೇ ಇರಬೇಕು ಈ ಸಾಗವಾನಿ" ಎಂದಳು. ಇದ್ದರೂ ಇರಬಹುದು. ದಾಂಡೇಲಿ, ಹಳಿಯಾಳದ ಕಾಡು ಇಲ್ಲಿಂದ ಒಂದೆರಡು ದಿನದ ಚಕ್ಕಡಿ ದಾರಿ.

ಅಲ್ಲಿಯತನಕ ನಾನು ಕಿತ್ತೂರೆಂದರೆ ಯುದ್ಧ ಎಂದುಕೊಂಡಿದ್ದೆ. ಆ ಚೌಕಟ್ಟಿನ ಮುಂದೆ ನಿಂತಾಗ, ಸುಟ್ಟದ್ದು, ಬಿದ್ದದ್ದು ಒಂದು ಮನೆ ಎಂಬುದು ಮನಸ್ಸಿಗೆ ಹೊಕ್ಕಿತು. ಚೆನ್ನಮ್ಮನನ್ನು ನಾವು ಕುದುರೆಯ ಮೇಲೆ, ಕತ್ತಿ ಎತ್ತಿದ ಭಂಗಿಯಲ್ಲೇ ನೋಡಿ ರೂಢಿ. ಅವ್ವನಿಗಂತೂ ಚೆನ್ನಮ್ಮ ಎಂದರೆ 1961ರ ಸಿನಿಮಾದ ಬಿ. ಸರೋಜಾದೇವಿಯ ಮುಖ. ಆದರೆ 46ರ ವಯಸ್ಸಿನ, ಗಂಡನನ್ನೂ ಮನೆಯ ಮಗನನ್ನೂ ಕಳೆದುಕೊಂಡ ಒಬ್ಬ ಹೆಂಗಸು ದಿನಾ ದಾಟುತ್ತಿದ್ದದ್ದು ಇಂಥದೇ ಒಂದು ಹೊಸ್ತಿಲನ್ನು. ಅದರಾಚೆಯ ಬೀಗಕ್ಕೆ ಬೇರೊಬ್ಬನ ಮುದ್ರೆ ಬಿದ್ದಿತ್ತು.

ಅಕ್ಟೋಬರದ ಗೆಲುವು ಆರು ವಾರ ಬಾಳಿತು. ಸೆರೆ ಸಿಕ್ಕಿದ್ದ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು, ಎಲಿಯಟ್ ಮತ್ತು ಸ್ಟೀವನ್ಸನ್, ಚೆನ್ನಮ್ಮ ಕೊಲ್ಲಿಸಲಿಲ್ಲ. ಡಿಸೆಂಬರಿನ ಆರಂಭದಲ್ಲಿ ಬಿಟ್ಟುಕೊಟ್ಟಳು. ಬಿಟ್ಟ ಮೇಲೂ, ಮತ್ತೆ ದಂಡೆತ್ತಿ ಬಂದ ಕಂಪನಿಯ ಮುತ್ತಿಗೆ ನಿಲ್ಲಲಿಲ್ಲ. ಮದ್ದಿನಲ್ಲಿ ಸಗಣಿ ಬೆರೆಸಿ ಮನೆಯವರೇ ಮೋಸ ಮಾಡಿದರು ಎಂದು ಜನ ಹೇಳುತ್ತಾರೆ. ಮಲ್ಲಪ್ಪಶೆಟ್ಟಿ, ವೆಂಕಟರಾಯರ ಹೆಸರು ಈ ಸೀಮೆಯಲ್ಲಿ ಇನ್ನೂ ಬೈಗುಳ. ಡಿಸೆಂಬರ್ 5ಕ್ಕೆ ಕೋಟೆ ಕೈಬಿಟ್ಟಿತು. ಸೆರೆಯಲ್ಲಿದ್ದ ಚೆನ್ನಮ್ಮ 1829ರ ಫೆಬ್ರುವರಿಯಲ್ಲಿ ಬೈಲಹೊಂಗಲದಲ್ಲಿ ಕಣ್ಣು ಮುಚ್ಚಿದಳು. ಬಿಡುಗಡೆಯಾದ ವಾಲ್ಟರ್ ಎಲಿಯಟ್ ಮಾತ್ರ ಬಹಳ ವರ್ಷ ಬದುಕಿದ. ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ ದೊಡ್ಡ ವಿದ್ವಾಂಸನಾದ. ಚಾಲುಕ್ಯರ ಚರಿತ್ರೆ ಓದುವವರು ಅವನ ಋಣದಲ್ಲಿದ್ದಾರೆ. ಆ ಋಣದ ಒಂದು ಪಾಲು ಅವನ ಜೀವ ಉಳಿಸಿದ ರಾಣಿಗೂ ಸಲ್ಲಬೇಕು. ಸಂಗ್ರಹಾಲಯದಲ್ಲಿ ಈ ಸಂಗತಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕೆಂದು ನನ್ನ ಆಸೆ.

ಇನ್ನೊಂದು ಆಸೆಯೂ ಇದೆ. ಥ್ಯಾಕರೆಗೆ ಧಾರವಾಡದಲ್ಲಿ ಕಲ್ಲಿನ ಸ್ಮಾರಕವಿದೆ. ಕಾಲೇಜಿನ ದಿನಗಳಲ್ಲಿ ನೋಡಿದ್ದೆ. ಈ ಕಡೆ ಬಾಗಿಲು ತೆರೆದು ಓಡಿದವರಲ್ಲಿ ಬಾಳಪ್ಪ, ಗುರುಸಿದ್ಧಪ್ಪರಂಥ ಕೆಲವರ ಹೆಸರು ಉಳಿದಿದೆ. ಉಳಿದವರು, ಸೇವೆಗೆ ಹೊಲ ಪಡೆದಿದ್ದ ಶೇತಸನದಿಗಳು, ಊರು ಕಾಯುವ ವಾಲೀಕಾರರು, ಕುರುಬರು, ಬೇಡರು, ಸಿದ್ದಿಗಳು ಹಾಡಿನಲ್ಲಿ ಒಂದು 'ದಂಡು' ಅಷ್ಟೇ. ಊರೂರಿನ ಮನೆತನಗಳಲ್ಲಿ ಉಳಿದಿರುವ ಹೆಸರುಗಳನ್ನು ಕೇಳಿ ಬರೆದುಕೊಳ್ಳುವ ಕೆಲಸ ಈಗಲೇ ಆಗಬೇಕು. ಅವ್ವನ ವಯಸ್ಸಿನವರು ಇರುವಾಗಲೇ.

ಹೊರಗೆ ಬಂದು ಅರಮನೆಯ ಅವಶೇಷಗಳಲ್ಲಿ ತಿರುಗಾಡಿದೆವು. ದೀಪದ ಗೂಡುಗಳು, ಬಚ್ಚಲಮನೆ, ನೀರು ಹರಿಯುತ್ತಿದ್ದ ಕಾಲುವೆ. ಒಂದು ಕಡೆ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದು ಇಟ್ಟ ದುಂಡನೆಯ ಕಿಂಡಿ. ಅವ್ವ ಬಗ್ಗಿ ಕಣ್ಣಿಟ್ಟಳು. ಹಗಲಿನಲ್ಲಿ ಅದರೊಳಗೆ ಬರೀ ನೀಲಿ. "ಯುದ್ಧದ ಹಿಂದಿನ ರಾತ್ರಿನೂ ಯಾರರ ನೋಡಿರ್ತಾರ ಇದರಾಗ" ಎಂದಳು.

ನಂದಗಡದ ದಾರಿಯಲ್ಲಿ ನನಗೆ ಸೂಪಾ ನೆನಪಾಗುತ್ತಿತ್ತು. 1858-59ರಲ್ಲಿ ನಮ್ಮ ಸೂಪಾ ಕಾಡಿನಲ್ಲೂ ಇಂಗ್ಲಿಷರ ವಿರುದ್ಧ ದಂಗೆ ಎದ್ದಿತ್ತು. ಅದರಲ್ಲಿ ಕಾದಿದವರಲ್ಲಿ ಒಬ್ಬ ಸಿದ್ದಿ ಬಸ್ತ್ಯಾಂವ. ದಂಗೆಕೋರರು ಗೋವೆಯ ಗಡಿಯ ಆಚೆ ಈಚೆ ಸರಿಯುತ್ತ ಕಾಡನ್ನೇ ಕೋಟೆ ಮಾಡಿಕೊಂಡಿದ್ದರು. ಆ ಯುದ್ಧದ ವಸ್ತು ಇಡೋಣವೆಂದರೆ ಸೂಪಾ ಊರೇ ಇಲ್ಲ. ಕಾಳಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟಿನ ನೀರು ಅದನ್ನು ಮುಳುಗಿಸಿತು, ತಾಲೂಕಿನ ಕಚೇರಿಗಳು ಜೊಯಿಡಾಕ್ಕೆ ಬಂದವು. ನಮ್ಮ ಮನೆಯ ದೀಪ ಉರಿಯುವುದು ಆ ನೀರಿನ ಕರೆಂಟಿನಿಂದ. ಕಿತ್ತೂರಿಗೆ ಒಂದು ಚೌಕಟ್ಟಾದರೂ ಉಳಿದಿದೆ. ಜೊಯಿಡಾದಲ್ಲಿ ಒಂದು ಕೋಣೆಯನ್ನಾದರೂ ಸೂಪಾದವರ ನೆನಪಿಗೆ ಬಿಟ್ಟುಕೊಟ್ಟರೆ, ಊರು ಬಿಟ್ಟು ಬಂದ ಮನೆಗಳಿಂದ ಏನೇನು ಹೊರಬಂದೀತೋ!

ನಂದಗಡ ಮುಟ್ಟಿದಾಗ ಸಂಜೆ ಬಿಸಿಲು. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಸಮಾಧಿಯ ಬಳಿಯ ಆಲದ ಮರ ದೂರದಿಂದಲೇ ಕಂಡಿತು. ಬಿಳಲು ಬಿಳಲಿಗೂ ಪುಟ್ಟ ಪುಟ್ಟ ತೊಟ್ಟಿಲುಗಳು, ಕೆಲವು ಹೊಸವು, ಕೆಲವು ಮಳೆಗೆ ಕಪ್ಪಾದವು. ಮೂವತ್ತರ ಆಸುಪಾಸಿನಲ್ಲಿ ಗಲ್ಲಿಗೇರಿದವನ ಹತ್ತಿರ ಹೆಂಗಸರು ಮಕ್ಕಳನ್ನು ಬೇಡುತ್ತಾರೆ.

ಅವ್ವ ಟವೆಲು ಬಿಚ್ಚಿದಳು. ಅಣ್ಣನ ತೊಟ್ಟಿಲಿನ ನಾಲ್ಕೂ ಮೂಲೆಗೆ ಕಟ್ಟಿಗೆಯ ಕೀಲು. ಕಾರಿನಲ್ಲಿ ಇಡೀ ದಿನ ತೊಡೆಯ ಮೇಲಿದ್ದರೂ ನಾನು ಅದನ್ನು ನೋಡಿರಲಿಲ್ಲ. ಕೊಂಬೆ ಎತ್ತರದಲ್ಲಿತ್ತು. ಅಲ್ಲೇ ನಿಂತಿದ್ದ ಒಬ್ಬ ಹುಡುಗ "ನಾ ಕಟ್ಟತೀನಿ ಕೊಡ್ರಿ ಆಯಿ" ಎಂದ. "ಬಗ್ಗಿಸಿ ಹಿಡಿ ಸಾಕು, ಗಂಟು ನಾನೇ ಹಾಕಬೇಕು" ಎಂದಳು. ಟವೆಲಿನ ಅಂಚನ್ನು ಹಲ್ಲಿನಿಂದ ಹರಿದು, ಎರಡು ಸುತ್ತು ಸುತ್ತಿ, ಅಪ್ಪ ಕಟ್ಟಿಗೆಯ ಹೊರೆಗೆ ಹಾಕುತ್ತಿದ್ದ ಗಂಟನ್ನೇ ಹಾಕಿದಳು. ಹುಡುಗ ಕೊಂಬೆ ಬಿಟ್ಟ. ತೊಟ್ಟಿಲು ಮೇಲಕ್ಕೆ ಹೋಗಿ, ಅತ್ತಿತ್ತ ತೂಗಿ ನಿಂತಿತು. ಅವ್ವ ತುದಿಗಾಲ ಮೇಲೆ ನಿಂತು ಬೆರಳ ತುದಿಯಿಂದ ಅದನ್ನು ಇನ್ನೊಮ್ಮೆ ತೂಗಿದಳು.