ಹಾಸು ಹೊಕ್ಕು

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತೇವಲ್ಲ, ಆ ಗಾದೆ ಕಟ್ಟಿದವರು ಮಗ್ಗದ ಮುಂದೆ ಕೂತವರಿರಲಾರರು. ನಮ್ಮದು ನೇಕಾರರ ಮನೆ. ಒಂದೇ ನೂಲಿನಿಂದ ಸೀರೆ ಎಲ್ಲಿ ಆದೀತು? ಉದ್ದಕ್ಕೆ ಹಾಸು ಬೇಕು, ಅಡ್ಡಕ್ಕೆ ಹೊಕ್ಕು ಬೇಕು. ಅಜ್ಜಿಯ ಇಳಕಲ್ ಸೀರೆ ಇನ್ನೂ ನನ್ನ ಟ್ರಂಕಿನಲ್ಲಿದೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿದ ಜಾಗ ಬೆರಳಾಡಿಸಿದರೆ ಈಗಲೂ ಸಿಗುತ್ತದೆ.

ಕ್ರೋಮೋಸೋಮಿಗೆ ಕನ್ನಡದವರು ವರ್ಣತಂತು ಎಂದು ಹೆಸರಿಟ್ಟದ್ದು ಎಷ್ಟು ಚೆಂದ! ತಂತು ಎಂದರೆ ಎಳೆಯೇ. ನಮ್ಮ ಜೀವಕೋಶದಲ್ಲಿ ಅಂಥ 46 ಎಳೆಗಳು, ತಾಯಿಯವು 23, ತಂದೆಯವು 23. ಇಷ್ಟನ್ನು ಸರಿಯಾಗಿ ಎಣಿಸುವ ಹೊತ್ತಿಗೆ 1956 ಆಗಿತ್ತು. ಅಲ್ಲಿಯವರೆಗೆ 48 ಎಂದೇ ಪಾಠ. ಗಾದೆಯೂ ಪೂರಾ ಸುಳ್ಳಲ್ಲ ಅನ್ನಿ, ಮೈಟೊಕಾಂಡ್ರಿಯದ ಡಿಎನ್‌ಎ ಇಳಿದು ಬರುವುದು ತಾಯಿಯಿಂದಲೇ.

ಎಣಿಕೆ ಎಂದರೆ ಮದುವೆ ಮಾತುಕತೆ ನೆನಪಾಗುತ್ತದೆ. ಗೋತ್ರವೋ ಬೆಡಗೋ ಒಂದಾಯಿತೆಂದರೆ ಹಿರಿಯರು ಅಲ್ಲಿಗೇ ಎದ್ದುಬಿಡುತ್ತಾರೆ. ಸೋದರಮಾವನಾದರೆ ಎಲೆಯಡಿಕೆ ತಟ್ಟೆ ತಾನಾಗಿ ಮುಂದೆ ಬರುತ್ತದೆ. ಗೋತ್ರ ನಡೆಯುವುದು ಅಪ್ಪನಿಂದ ಮಗನ ದಾರಿಯಲ್ಲಿ. ವರ್ಣತಂತುಗಳಲ್ಲಿ ಆ ದಾರಿ ಹಿಡಿಯುವುದು ವೈ ಒಂದೇ. ಉಳಿದ ಎಳೆಗಳ ಲೆಕ್ಕ ಯಾರು ಇಟ್ಟರು? ಮಾವನಿಗೂ ಅಕ್ಕನ ಮಗಳಿಗೂ ವಂಶವಾಹಿಗಳಲ್ಲಿ ಹೆಚ್ಚುಕಡಿಮೆ ಕಾಲುಪಾಲು ಒಂದೇ.

ಮೆಂಡೆಲ್ ಎಂಬ ಪಾದ್ರಿ ಮಠದ ಹಿತ್ತಲಲ್ಲಿ ಎತ್ತರದ ಬಟಾಣಿ ಗಿಡಕ್ಕೆ ಗಿಡ್ಡದ್ದನ್ನು ಕೂಡಿಸಿದ. ಹುಟ್ಟಿದ್ದೆಲ್ಲ ಎತ್ತರದವೇ. ಅವುಗಳ ಬೀಜ ಬಿತ್ತಿದರೆ ನಾಲ್ಕರಲ್ಲೊಂದು ಪಾಲು ಮತ್ತೆ ಗಿಡ್ಡ. ಕಳೆದೇಹೋಯಿತು ಅಂದುಕೊಂಡ ಗುಣ ಒಳಗೆ ಅಡಗಿ ಕೂತಿತ್ತು. 1866ರಲ್ಲಿ ಅಚ್ಚಾದ ಈ ಮಾತನ್ನು ಜಗತ್ತು ಕಿವಿಗೆ ಹಾಕಿಕೊಂಡದ್ದು 1900ರಲ್ಲಿ. ದೋಷವಿರುವ ವಂಶವಾಹಿಯೂ ಹೀಗೇ, ಜೊತೆಗೊಂದು ಒಳ್ಳೆಯ ಪ್ರತಿ ಇರುವತನಕ ಸದ್ದಿಲ್ಲದೆ ಇರುತ್ತದೆ. ಗಂಡಹೆಂಡತಿ ಇಬ್ಬರಲ್ಲೂ ಅದೇ ಅಡಗಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಸಲ ಎರಡೂ ಕೂಡುವ ಸಂಭವ. ರಕ್ತಸಂಬಂಧದಲ್ಲಿ ಕೊಟ್ಟುತಂದಾಗ ಆ ಜೋಡಿ ಸುಲಭವಾಗಿ ಸಿಕ್ಕಿಬಿಡುತ್ತದೆ. ಹುಟ್ಟುಕಿವುಡಿಗೆ ಇದೊಂದು ಮುಖ್ಯ ಕಾರಣ.

ಅಜ್ಜಿಯನ್ನು ಕೊಟ್ಟದ್ದು ಅವಳ ಸೋದರಮಾವನಿಗೇ. ಚೊಚ್ಚಲ ಮಗ, ನಮ್ಮ ದೊಡ್ಡಪ್ಪ, ಹುಟ್ಟಿದಾಗಿನಿಂದ ಕಿವುಡರು. ಮಗ್ಗದ ಚೌಕಟ್ಟಿಗೆ ಅಂಗೈ ಇಟ್ಟು ಲಾಳಿಯ ಓಟ ತಿಳಿಯುತ್ತಿದ್ದರು. ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಕಾಯಿಪಲ್ಲೆ ಹೆಚ್ಚಿದ್ದಳು, ಅದಕ್ಕೇ ಹೀಗಾಯಿತು ಎಂದರು ಊರವರು. ಅಜ್ಜನನ್ನು ಯಾರೂ ಏನೂ ಕೇಳಲಿಲ್ಲ. ಮಕ್ಕಳೆಲ್ಲ ದೊಡ್ಡವರಾದ ಮೇಲೂ, ತಾನು ಹೋಗುವತನಕ, ಗ್ರಹಣ ಹಿಡಿಯುವ ದಿನ ಅಜ್ಜಿ ಬೆಳಗ್ಗೆಯೇ ಈಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿಡುತ್ತಿದ್ದಳು.