ಕಬ್ಬಿಣದ ನಾಡಿನಲ್ಲಿ ಕಬ್ಬಿಣದ ಹಸಿವು

ನಾವು ತಿನ್ನುವ ಬಾಳೆಗೆ ಬೀಜವಿಲ್ಲ. ಹಣ್ಣನ್ನು ಅಡ್ಡಲಾಗಿ ಕೊಯ್ದು ನೋಡಿ, ನಡುವೆ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಬೀಜವಾಗಲು ಹೊರಟು ಅರ್ಧ ದಾರಿಯಲ್ಲೇ ನಿಂತುಹೋದವು ಅವು. ಹಾಗಾಗಿ ಬಾಳೆಯ ವಂಶ ಮುಂದುವರಿಯುವುದು ಬುಡದಲ್ಲಿ ಒಡೆಯುವ ಕಂದಿನಿಂದ. ಗುಣದಲ್ಲಿ, ರುಚಿಯಲ್ಲಿ, ರೋಗಕ್ಕೆ ತುತ್ತಾಗುವುದರಲ್ಲಿ ಸಹ ಕಂದು ತಾಯಿಯ ಪಡಿಯಚ್ಚು. ಇಂಥದಕ್ಕೆ ವಿಜ್ಞಾನಿಗಳು ಕ್ಲೋನ್ ಎನ್ನುತ್ತಾರೆ. ನಾವು ತದ್ರೂಪಿ ಎನ್ನೋಣ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಡಾಲಿ ಎಂಬ ತದ್ರೂಪಿ ಕುರಿ ಹುಟ್ಟಿದಾಗ ಜಗತ್ತೆಲ್ಲ ಬೆರಗಾಯಿತು. ಹಂಪಿಯ ಆಸುಪಾಸಿನ ಬಾಳೆ ತೋಟದವರು ಮಾತ್ರ ತಲೆತಲಾಂತರದಿಂದ ತದ್ರೂಪಿಗಳನ್ನೇ ನೆಟ್ಟು, ತದ್ರೂಪಿಗಳನ್ನೇ ಮಾರಿಕೊಂಡು ಬಂದಿದ್ದಾರೆ.

ಹೊಸಪೇಟೆಯಿಂದ ಕಮಲಾಪುರ ದಾಟಿ ಹಂಪಿಯತ್ತ ಹೋದವರು ಈ ತೋಟಗಳನ್ನು ನೋಡದೆ ಇರಲಾರರು. ವಿಜಯನಗರದ ಅರಸರ ಕಾಲದ ರಾಯ, ಬಸವಣ್ಣ, ತುರ್ತು ಕಾಲುವೆಗಳ ನೀರು ಇಂದಿಗೂ ಇಲ್ಲಿನ ಬಾಳೆ, ಕಬ್ಬಿನ ಬುಡ ತೋಯಿಸುತ್ತಿದೆ. ಏಲಕ್ಕಿ, ಸುಗಂಧಿ ಈ ಸೀಮೆಯ ಹೆಸರುವಾಸಿ ತಳಿಗಳು. ಮೊದಲು ಒಳ್ಳೆಯ ತೋಟ ಹುಡುಕಿ, ಕತ್ತಿಯಾಕಾರದ ಎಲೆಯ ಕಂದು ಕಿತ್ತು ತಂದು ನೆಡುತ್ತಿದ್ದರು. ಈಗ ಪ್ರಯೋಗಾಲಯದ ಸೀಸೆಯಲ್ಲಿ ಬೆಳೆದ ಅಂಗಾಂಶ ಕೃಷಿಯ ಸಸಿಗಳೂ ಬಂದಿವೆ. ಸೀಸೆಯಿಂದ ಹೊರಬಂದ ಸಸಿ ಬಾಣಂತಿಮನೆಯ ಕೂಸಿದ್ದಂತೆ. ಎಲೆಯ ಮೇಲೆ ಮೇಣದ ಪೊರೆ ಇನ್ನೂ ತೆಳು, ಬಿಸಿಲು ಗಾಳಿ ತಡೆಯದು. ಅದನ್ನು ನೆರಳು ಪರದೆಯಡಿ ಹದಗೊಳಿಸಬೇಕು. ಹಾಗೆ ಹದಗೊಳಿಸುವಾಗ ಅದಕ್ಕೆ ಸಾಮಾನ್ಯವಾಗಿ ಹಾಸಿಗೆಯಾಗುವುದು ತೆಂಗಿನ ನಾರಿನ ಪುಡಿ, ಎಲ್ಲರ ಬಾಯಲ್ಲಿ ಕೊಕೊಪಿಟ್.

ಒಂದು ಕಾಲಕ್ಕೆ ತಿಪಟೂರು, ಅರಸೀಕೆರೆ ಕಡೆಯ ನಾರಿನ ಗಿರಣಿಗಳ ಪಕ್ಕ ಗುಡ್ಡೆಬಿದ್ದು ಕೊಳೆಯುತ್ತಿದ್ದ ಪುಡಿ ಇದು. ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ, ಆದರೂ ಬೇರಿಗೆ ಗಾಳಿ ಬಿಡುತ್ತದೆ. ಇದಕ್ಕೆ ಒಂದೆರಡು ಸ್ವಭಾವಗಳುಂಟು. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪುಗಳಿರುತ್ತವೆ. ಚೆನ್ನಾಗಿ ತೊಳೆಯದ ಪುಡಿಯಾದರೆ ಎಳೆ ಬೇರು ಸುಟ್ಟು ಎಲೆಯ ಅಂಚು ಒಣಗುತ್ತದೆ. ಜೊತೆಗೆ ನಾವು ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಪುಡಿಯೇ ಹಿಡಿದಿಟ್ಟುಕೊಂಡು ಸಸಿಗೆ ಕೊರತೆ ಮಾಡುವುದೂ ಉಂಟು. ಮಣ್ಣಿನಂತೆ ಅದು ತಾನಾಗಿ ಹೆಚ್ಚೇನೂ ಉಣಿಸುವುದಿಲ್ಲ. ನಾವು ಕೊಟ್ಟಷ್ಟೇ ಊಟ, ನಾವು ಹಾಕಿದ್ದೇ ನೀರು.

ಕಂಪ್ಲಿ ಹತ್ತಿರ ನನ್ನ ಅಣ್ಣನಿಗೆ ಮೂರು ಎಕರೆ ಎರೆ ಹೊಲವಿದೆ. ಭತ್ತ ಬೆಳೆದು ಬೇಸತ್ತು ಒಂದು ಎಕರೆಗೆ ಬಾಳೆ ಹಾಕಲು ಮನಸ್ಸು ಮಾಡಿದ. ಆರಡಿಗೊಂದರಂತೆ ಎಕರೆಗೆ ಸುಮಾರು 1,200 ಸಸಿ ಬೇಕು. ಟ್ರೇಯಲ್ಲಿರುವ ಎಳೆ ಸಸಿ ಅಗ್ಗವೆಂದು ಅವನ್ನೇ ತಂದು, ಕೊಕೊಪಿಟ್ ತುಂಬಿದ ಚೀಲಗಳಿಗೆ ಬದಲಿಸಿ, ಹಿತ್ತಲಲ್ಲಿ ನೆರಳು ಪರದೆ ಕಟ್ಟಿದ. ಸಸಿಯ ಹಣ ಕೈಗಡ. ಗೊನೆ ಕೊಯ್ಲಿಗೆ ಬರಲು ವರ್ಷ ಬೇಕು. ಅಷ್ಟರಲ್ಲಿ ಮಗಳು ದ್ವಿತೀಯ ಪಿಯುಸಿ ಮುಗಿಸಿ ಹೊರ ಊರಿನ ಕಾಲೇಜು ಸೇರಬೇಕು. ಅವಳ ಹಾಸ್ಟೆಲ್ಲಿನ ದುಡ್ಡು ಆ ಚೀಲಗಳಲ್ಲಿತ್ತು ಅನ್ನಿ.

ತಿಂಗಳು ತುಂಬುವ ಹೊತ್ತಿಗೆ ಸಸಿಗಳು ಬಿಳಿಚಿಕೊಂಡವು. ಗೊಬ್ಬರದ ಅಂಗಡಿಯವರು ಫೋನಿನಲ್ಲಿ ಚಿತ್ರ ನೋಡಿ, "ಹಸಿವಾಗ್ಯದ, ಯೂರಿಯಾ ನೀರು ಬಿಡ್ರಿ" ಎಂದು ಒಂದು ಚೀಲ, ಜೊತೆಗೆ ಎರಡು ಬಾಟಲಿ ಟಾನಿಕ್ಕನ್ನು ಉದ್ರಿ ಬರೆದು ಕೊಟ್ಟರು. ಹೊಸಪೇಟೆಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನಾನು ಆ ಭಾನುವಾರ ಅಲ್ಲಿಗೆ ಹೋದಾಗ ಯೂರಿಯಾ ಇನ್ನೂ ಬಿಚ್ಚಿರಲಿಲ್ಲ. ಕಾರಣ ನನ್ನ ಸೊಸೆ. "ಅಪ್ಪಾ, ಒಂದು ವಾರ ತಡಿ, ಅತ್ತೆ ಬರಲಿ" ಎಂದು ಅಡ್ಡ ನಿಂತಿದ್ದಳು. ಅಣ್ಣನಿಗೆ ಕೋಪ. "ಪುಸ್ತಕದ ಬದನೆಕಾಯಿ ಸಾರಿಗೆ ಬರ್ತದೇನವ್ವ? ವಾರದಾಗ ಸಸಿ ಸತ್ರೆ ಯಾರು ಕೊಡ್ತಾರೆ?" ಅವನ ಪ್ರಶ್ನೆಯೂ ನ್ಯಾಯವಾದದ್ದೇ.

ನಾನು ಸೊಸೆಯ ಕೈಗೆ ಒಂದು ನೋಟುಪುಸ್ತಕ ಕೊಟ್ಟು, ಔಷಧಿಯ ಮಾತು ಆಮೇಲೆ, ಮೊದಲು ಕಂಡದ್ದನ್ನು ಬರೆ ಎಂದೆ. ಹಳದಿ ಎಂದು ಬರೆದರೆ ಸಾಲದು. ಜ್ವರ ಎಂದಷ್ಟೇ ಹೇಳಿದರೆ ವೈದ್ಯರಿಗೆ ಏನು ತಿಳಿದೀತು?

ಮೊದಲ ಪ್ರಶ್ನೆ: ಎಲ್ಲ ಸಸಿಗೂ ಹೀಗಾಗಿದೆಯೇ, ಅಲ್ಲೊಂದು ಇಲ್ಲೊಂದಕ್ಕೋ? ತದ್ರೂಪಿಗಳನ್ನು ಸಾಕುವವರಿಗೆ ಇದೊಂದು ಅನುಕೂಲ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಎತ್ತರ, ಒಬ್ಬ ಗಿಡ್ಡನಾದರೆ ಅದು ಹುಟ್ಟಿನಿಂದ ಬಂದದ್ದೋ ಊಟದಿಂದ ಬಂದದ್ದೋ ಹೇಳುವುದು ಕಷ್ಟ. ತದ್ರೂಪಿಗಳಲ್ಲಿ ಹುಟ್ಟು ಹೆಚ್ಚುಕಡಿಮೆ ಒಂದೇ ಆದ್ದರಿಂದ, ವ್ಯತ್ಯಾಸ ಕಂಡರೆ ಕಾರಣವನ್ನು ಮೊದಲು ಹೊರಗೇ ಹುಡುಕಬೇಕು. ಸೊಸೆ ಸಾಲುಸಾಲಾಗಿ ಎಣಿಸಿದಳು. ಹೆಚ್ಚುಕಡಿಮೆ ಎಲ್ಲ ಸಸಿಗಳೂ ಒಂದೇ ರೀತಿ ಬಿಳಿಚಿದ್ದವು. ರೋಗವಾದರೆ ಸಾಮಾನ್ಯವಾಗಿ ಒಂದೆಡೆ ಹತ್ತಿ ಹಬ್ಬುತ್ತದೆ. ಎಲ್ಲಕ್ಕೂ ಒಟ್ಟಿಗೇ ಆದದ್ದಕ್ಕೆ ಎಲ್ಲಕ್ಕೂ ಸಮಾನವಾದ ಕಾರಣವಿರಬೇಕು. ಪರದೆಯ ಅಂಚಿನಲ್ಲಿ, ನೀರು ನಿಲ್ಲುವ ತಗ್ಗಿನಲ್ಲಿದ್ದ ಅರವತ್ತರಷ್ಟು ಸಸಿ ಮಾತ್ರ ಬೇರೆ ಥರ ಜೋತುಬಿದ್ದಿದ್ದವು. ಅವನ್ನು ಪ್ರತ್ಯೇಕ ಪುಟದಲ್ಲಿ ಬರೆದಳು.

ಎರಡನೆಯದು: ಯಾವ ಎಲೆ ಮೊದಲು ಹಳದಿಯಾಯಿತು? ಜೀವಶಾಸ್ತ್ರ ಓದಿದ ಮಕ್ಕಳಿಗೆ ನೆನಪಿರಬಹುದು. ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಗಿಡದೊಳಗೆ ಓಡಾಡಬಲ್ಲವು. ಕೊರತೆಯಾದರೆ ಗಿಡ ಹಳೆಯ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ, ತಾಯಿ ತನ್ನ ಪಾಲು ಮಗುವಿಗೆ ಬಡಿಸಿದಂತೆ. ಆಗ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ಕಬ್ಬಿಣ, ಕ್ಯಾಲ್ಸಿಯಂ ಕುಳಿತಲ್ಲಿಂದ ಏಳುವುದಿಲ್ಲ. ಅವುಗಳ ಕೊರತೆ ಚಿಗುರಿನಲ್ಲೇ ಕಾಣುತ್ತದೆ. ಅಣ್ಣನ ಸಸಿಗಳಲ್ಲಿ ಕೆಳಗಿನ ಎಲೆ ಹಸಿರಾಗಿತ್ತು, ಹೊಸ ಎಲೆ ಬೆಳ್ಳಗಾಗಿತ್ತು. ಬಿಸಿಲಿಗೆ ಹಿಡಿದರೆ ನರ ಹಸಿರು, ನರಗಳ ನಡುವೆ ಹಳದಿ. ಸಾರಜನಕದ ಹಸಿವಿನ ಲಕ್ಷಣವೇ ಇದಲ್ಲ. ಯೂರಿಯಾ ಸುರಿದಿದ್ದರೆ ಹಳದಿ ಹೋಗುತ್ತಿರಲಿಲ್ಲ, ಎಳೆ ಬೇರು ಸುಡುವ ಅಪಾಯವಂತೂ ಇತ್ತು.

ಮೂರನೆಯದು ಬೇರು. ಒಂದು ಚೀಲ ಹರಿದು ನೋಡಿದೆವು. ಬೇರು ಬೆಳ್ಳಗೆ ಗಟ್ಟಿಯಾಗಿತ್ತು. ತಗ್ಗಿನ ಸಸಿಯದು ಕಂದಾಗಿ, ಎಳೆದರೆ ಸಿಪ್ಪೆ ಕಳಚಿಬರುವಂತಿತ್ತು, ವಾಸನೆಯೂ ಇತ್ತು. ಹಿತ್ತಲು ಒಂದೇ ಆದರೂ ಕಾಯಿಲೆ ಎರಡು. ತಗ್ಗಿನವಕ್ಕೆ ನೀರು ಹೆಚ್ಚಾಗಿ ಉಸಿರು ಕಟ್ಟಿತ್ತು.

ನಾಲ್ಕನೆಯದು ನೀರು. ಕಾಲುವೆ ನಿಂತ ದಿನಗಳವು. ಬೋರ್‌ವೆಲ್ ನೀರೇ ಗತಿ. ಆ ನೀರು ಕಾಯಿಸುವ ಹಂಡೆಯ ತಳದಲ್ಲಿ ಬೆರಳುಗುರಿನಿಂದ ಕೆರೆಯಬಹುದಾದಷ್ಟು ಬಿಳಿ ಪೊರೆ. ಸುಣ್ಣದ ಅಂಶವುಳ್ಳ ಗಡಸು ನೀರಿನ ಸಾಕ್ಷಿ ಅದು. ಚೀಲಕ್ಕೆ ನೀರು ಹಾಕಿ ತಳದಿಂದ ಸೋರಿದ್ದನ್ನು ಲೋಟದಲ್ಲಿ ಹಿಡಿದು, ಕಾಲೇಜಿನಿಂದ ತಂದಿದ್ದ ಪಿಎಚ್ ಕಾಗದ ಅದ್ದಿದೆವು. ಕಾಗದ ಎಂಟರ ಹತ್ತಿರದ ಬಣ್ಣ ತೋರಿಸಿತು. ಕೊಕೊಪಿಟ್‌ನಲ್ಲಿ ಅದು ಐದೂವರೆ, ಆರೂವರೆಯ ನಡುವೆ ಇದ್ದರೆ ಸಸಿಗೆ ಹಿತ.

ಅಣ್ಣ ಹಿಂದೆ ಹಾಕಿದ್ದ ಲಘು ಪೋಷಕಾಂಶದ ಮಿಶ್ರಣದಲ್ಲಿ ಕಬ್ಬಿಣ ಇದ್ದೇ ಇತ್ತು. ಮತ್ತೆ ಹಸಿವೇಕೆ? ಕಬ್ಬಿಣ ಕರಗಿದ್ದರೆ ಮಾತ್ರ ಬೇರಿಗೆ ದಕ್ಕುತ್ತದೆ. ಪಿಎಚ್ ಒಂದು ಅಂಕ ಏರಿದರೆ ನೀರಿನಲ್ಲಿ ಕರಗಿ ನಿಲ್ಲುವ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. ಹೊಸಪೇಟೆಯ ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳಿವೆ. ದೋಣಿಮಲೆಯ ಅದಿರು ರೈಲು ಹತ್ತಿ ದೂರದೂರಕ್ಕೆ ಹೋಗುತ್ತದೆ. ಅಲ್ಲಿನ ರಸ್ತೆಯಂಚಿನ ಮರಗಳೂ ಕೆಂಪು ಧೂಳು ಹೊದ್ದು ನಿಂತಿರುತ್ತವೆ. ಅಂಥ ಬೆಟ್ಟದ ಆಚೆ ಬದಿಯಲ್ಲಿ, ಕಬ್ಬಿಣ ಹಾಕಿಸಿಕೊಂಡ ಚೀಲದಲ್ಲೇ ಬಾಳೆಸಸಿ ಕಬ್ಬಿಣಕ್ಕೆ ಹಸಿದಿತ್ತು. ಇರುವುದು ಬೇರೆ, ದಕ್ಕುವುದು ಬೇರೆ.

ಆದರೆ ಇದಿನ್ನೂ ಊಹೆಯೇ. ಸತು, ಮ್ಯಾಂಗನೀಸ್ ಕೊರತೆಗಳೂ ಹತ್ತಿರಹತ್ತಿರ ಹೀಗೇ ಕಾಣಬಲ್ಲವು. ಊಹೆಯನ್ನು 1,200 ಸಸಿಗಳ ಮೇಲೆ ಸುರಿಯುವಂತಿಲ್ಲ. ಸೊಸೆ ಹತ್ತು ಸಸಿ ಆರಿಸಿಕೊಂಡಳು. ಲೀಟರ್ ನೀರಿಗೆ ಎರಡು ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಚಿಕ್ಕ ಬ್ರಷ್ಷಿನಿಂದ ಪ್ರತಿ ಸಸಿಯ ಹೊಸ ಎಲೆಯಲ್ಲಿ ನಡುದಿಂಡಿನ ಬಲಭಾಗಕ್ಕೆ ಮಾತ್ರ ಸಂಜೆ ಹೊತ್ತು ಬಳಿದಳು. ಎಡಭಾಗಕ್ಕೆ ಬರೀ ನೀರು. ಒಂದೇ ಗಿಡ, ಒಂದೇ ಎಲೆ, ಒಂದೇ ಬಿಸಿಲು. ಎರಡೂ ಭಾಗ ಹಸಿರಾದರೆ ಬೇರೇನೋ ಕಾರಣ. ಎರಡೂ ಆಗದಿದ್ದರೆ ನಮ್ಮ ಊಹೆ ಸುಳ್ಳು.

ಆ ವಾರ ಅಣ್ಣ ಸರಿಯಾಗಿ ಊಟ ಮಾಡಲಿಲ್ಲವೆಂದು ಅತ್ತಿಗೆ ಆಮೇಲೆ ಹೇಳಿದರು. ಆರನೆಯ ದಿನ ಬೆಳಿಗ್ಗೆ ಫೋನು ಮಾಡಿದವನು ಅವನೇ. "ಬಲಕ್ಕ ಹಸಿರು ಹತ್ಯದ ನೋಡು, ಎಂಟು ಗಿಡದಾಗ ಚಂದಾಗಿ ಕಾಣ್ತದ" ಎಂದ. ಎಡಭಾಗ ಹಳದಿಯಾಗಿಯೇ ಇತ್ತು.

ಮುಂದಿನದು ಸುಲಭ. ಸುಣ್ಣದ ನೀರು ನಿಲ್ಲಿಸಿ, ಹೊಳೆಯ ನೀರನ್ನು ಡ್ರಮ್ಮುಗಳಲ್ಲಿ ತಂದರು. ಅದೇ ತೆಳು ಕಬ್ಬಿಣದ ದ್ರಾವಣವನ್ನು ಎರಡು ಸಲ ಸಂಜೆ ಸಿಂಪಡಿಸಿದರು. ತಗ್ಗಿನ ಅರವತ್ತು ಸಸಿ ಉಳಿಯಲಿಲ್ಲ. ಅವನ್ನು ತೆಗೆದುಹಾಕಿ ಬೇರೆ ತಂದರು. ಯೂರಿಯಾ ಚೀಲ ಅಂಗಡಿಗೆ ವಾಪಸು ಹೋಯಿತು. ಒಡೆದ ಟಾನಿಕ್ ಬಾಟಲಿಯ ದುಡ್ಡು ಮಾತ್ರ ಬರಲಿಲ್ಲ.

ಹೊಲದಲ್ಲಿ ನೆಟ್ಟ ಮೇಲೂ ಹಳದಿಯ ಭಯ ಮುಗಿಯುವುದಿಲ್ಲ. ಪನಾಮಾ ಸೊರಗು ರೋಗವೂ ಹಳದಿಯಿಂದಲೇ ಶುರು. ಅಲ್ಲಿ ಹಳದಿಯಾಗುವುದು ಕೆಳಗಿನ ಎಲೆ, ಅದೂ ಅಂಚಿನಿಂದ. ದಂಟು ಮುರಿದು ಎಲೆಗಳು ಕಾಂಡದ ಸುತ್ತ ಜೋತುಬೀಳುತ್ತವೆ, ಬುಡ ಸೀಳುತ್ತದೆ, ಗಡ್ಡೆ ಕೊಯ್ದರೆ ಕೆಂಗಂದು ಗೆರೆಗಳು. ಬಾಯಿಗೆ ರುಚಿಯಾದ ನಮ್ಮ ಏಲಕ್ಕಿ ಈ ರೋಗಕ್ಕೆ ಬೇಗ ತುತ್ತಾಗುತ್ತದೆ. ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯಬಲ್ಲದು. ಕಬ್ಬಿಣ ಬಳಿದರೂ ಯೂರಿಯಾ ಸುರಿದರೂ ಪ್ರಯೋಜನವಿಲ್ಲ. ಅಂಥ ತೋಟದ ಕಂದನ್ನು, ಅಲ್ಲಿನ ಮಣ್ಣು ಮೆತ್ತಿದ ಸಲಿಕೆಯನ್ನು ಬೇರೆ ಹೊಲಕ್ಕೆ ಒಯ್ಯಬಾರದು.

ತದ್ರೂಪಿಯ ಇನ್ನೊಂದು ಮುಖ ಇದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಗತ್ತಿನ ಬಾಳೆ ವ್ಯಾಪಾರವೆಲ್ಲ ಗ್ರೋ ಮಿಷೆಲ್ ಎಂಬ ಒಂದೇ ತಳಿಯ ಮೇಲೆ ನಿಂತಿತ್ತು. ಪನಾಮಾ ರೋಗ ಬಂದಾಗ ಒಂದಕ್ಕೆ ಆದದ್ದು ಎಲ್ಲಕ್ಕೂ ಆಗಿ, 1960ರ ಸುಮಾರಿಗೆ ಆ ವ್ಯಾಪಾರವೇ ಕುಸಿಯಿತು. ಬದಲಿಗೆ ಬಂದ ಕ್ಯಾವೆಂಡಿಶ್ ಗುಂಪಿಗೂ ಈಗ ಅದೇ ಶಿಲೀಂಧ್ರದ ಹೊಸ ಬಗೆ ಕಾಡುತ್ತಿದೆ. ಬಿಹಾರ, ಉತ್ತರ ಪ್ರದೇಶಗಳಲ್ಲೂ ಅದು ಕಂಡುಬಂದಿದೆ. ನಮ್ಮ ಜಿ-9 ಈ ಗುಂಪಿನದೇ.

ಪಾಲಕರಿಗೆ ಒಂದು ಮಾತು. ಸೊಸೆ ಮಾಡಿದ್ದರಲ್ಲಿ ಪ್ರತಿಭೆಗಿಂತ ತಾಳ್ಮೆ ಹೆಚ್ಚಿತ್ತು. ಆ ತಾಳ್ಮೆಗೆ ಅವಳ ಅಪ್ಪ ಒಂದು ವಾರದ ಸಾಲ ಕೊಟ್ಟ, ಅದೂ ನಿದ್ದೆಗೆಟ್ಟು. ಅಂಕ ಕಡಿಮೆಯಾದ ಮಗುವಿಗೆ ಮರುದಿನವೇ ಮತ್ತೊಂದು ಟ್ಯೂಷನ್ ಹಚ್ಚುವ ನಾವು, ಯಾವ ಪಾಠದಲ್ಲಿ, ಯಾವಾಗಿನಿಂದ ಎಂದು ಕೇಳಲು ಒಂದು ವಾರ ಕೊಟ್ಟಿದ್ದೇವೆಯೇ?

ವಿದ್ಯಾರ್ಥಿಗಳಿಗೆ ಇನ್ನೊಂದು. ಮನೆಯಲ್ಲಿ ಯಾರಾದರೂ ಬಾಳೆಸಸಿ ಕೊಳ್ಳಲು ಹೊರಟರೆ ನೀವೂ ಜೊತೆಗೆ ಹೋಗಿ. ಒಂದು ಚೀಲ ಬಿಚ್ಚಿ ಬೇರು ತೋರಿಸಿ ಎಂದು ಕೇಳಿ, ಅಲ್ಲಿ ಯಾವ ನೀರು ಹಾಕುತ್ತಾರೆಂದು ವಿಚಾರಿಸಿ. ಹೊಲದ ಮಣ್ಣು ಪರೀಕ್ಷೆಯ ಚೀಟಿ ಮನೆಯ ಟ್ರಂಕಿನಲ್ಲಿ ಮಡಚಿಕೊಂಡು ಬಿದ್ದಿದ್ದರೆ ತೆಗೆದು ಓದಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಪಿಎಚ್‌ನಿಂದ ಹಿಡಿದು ಕಬ್ಬಿಣದವರೆಗೆ ಹನ್ನೆರಡು ಅಂಶಗಳ ಲೆಕ್ಕವಿರುತ್ತದೆ. ಅದನ್ನು ಅಪ್ಪನಿಗೆ ಅರ್ಥವಾಗುವಂತೆ ಓದಿ ಹೇಳಬಲ್ಲವರು ಆ ಮನೆಯಲ್ಲಿ ಬಹುಶಃ ನೀವೇ.