ಕೈಬೆರಳುಗಳ ರೂಪಕ

ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮಗಳು ಹುಟ್ಟಿನಿಂದಲೇ ಕಿವುಡಿ. ಮೂರನೆಯ ತರಗತಿಯ ಪ್ರಗತಿಪತ್ರದಲ್ಲಿ ಅವಳ ಶಿಕ್ಷಕಿ ‘ಜಾಣೆ, ಆದರೆ ಕಲ್ಪನಾಶಕ್ತಿ ಕಡಿಮೆ’ ಎಂದು ಬರೆದಿದ್ದರು. ತಂಗಿ ಕಣ್ಣೀರಿಟ್ಟಳು. ನಾನು ಸಮಾಧಾನ ಹೇಳಿದೆನಾದರೂ ಒಳಗೊಳಗೇ ಆ ಮಾತನ್ನು ಒಪ್ಪಿದ್ದೆ. ಕಥೆ ಕೇಳದೆ ಬೆಳೆದ ಮಗುವಿಗೆ ರೂಪಕ ಎಲ್ಲಿಂದ ಒದಗೀತು?

ಈ ಭಾವನೆಯನ್ನು ಕದಲಿಸಿದ್ದು ಮಾರ್ಕ್ ಮಾರ್‌ಶಾರ್ಕ್ ಎಂಬ ಅಮೆರಿಕದ ಮನೋವಿಜ್ಞಾನ ಪ್ರಾಧ್ಯಾಪಕರ ಬರಹಗಳು. ಕಿವುಡ ಮಕ್ಕಳ ಭಾಷೆ ವಾಚ್ಯಾರ್ಥವನ್ನು ದಾಟದೆಂಬ ಅಭಿಪ್ರಾಯ ಪ್ರಬಲವಾಗಿದ್ದ 1980ರ ದಶಕದಲ್ಲಿ ಅವರೂ ಸಹೋದ್ಯೋಗಿಗಳೂ ಆ ಮಕ್ಕಳಿಂದ ಸನ್ನೆ ಭಾಷೆಯಲ್ಲೇ ಕಥೆ ಹೇಳಿಸಿದರು. ಆ ಕಥೆಗಳಲ್ಲಿ ರೂಪಕಗಳಿಗೆ ಬರವಿರಲಿಲ್ಲ. ಕಿವಿ ಕೇಳುವ ಮಕ್ಕಳಿಗಿಂತ ಅವರೇನೂ ಹಿಂದಿರಲಿಲ್ಲ. ಇಂಗ್ಲಿಷಿನಲ್ಲಿ ಪರೀಕ್ಷಿಸಿದಾಗ ಅಳೆದದ್ದು ಅವರ ಇಂಗ್ಲಿಷನ್ನೇ ಹೊರತು ಕಲ್ಪನೆಯನ್ನಲ್ಲ.

ಮುಂದೆ ಅವರು ರಾಚೆಸ್ಟರ್ ನಗರದ ರಾಷ್ಟ್ರೀಯ ಕಿವುಡರ ತಾಂತ್ರಿಕ ಸಂಸ್ಥೆಯಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದರು. 1996ರಲ್ಲಿ ಆರಂಭವಾದ, ಕಿವುಡರ ಅಧ್ಯಯನ ಹಾಗೂ ಶಿಕ್ಷಣಕ್ಕೆ ಮೀಸಲಾದ ಸಂಶೋಧನಾ ಪತ್ರಿಕೆಗೆ ಸ್ಥಾಪಕ ಸಂಪಾದಕರಾದರು. 1997ರಲ್ಲಿ ಕಿವುಡ ಮಕ್ಕಳ ಪಾಲನೆ ಮತ್ತು ಶಿಕ್ಷಣದ ಬಗ್ಗೆ ತಂದೆತಾಯಿಗಳಿಗಾಗಿ ಪುಸ್ತಕ ಬರೆದರು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವರ ನಿಷ್ಠುರತೆ. ತರಗತಿಯಲ್ಲಿ ಸನ್ನೆ ಭಾಷೆಯ ಅನುವಾದಕರಿದ್ದರೆ ಸಾಕು ಎಂಬ ಸದಾಶಯವನ್ನೂ ಅವರು ಪರೀಕ್ಷೆಗೊಡ್ಡಿದರು. ನುರಿತ ಅನುವಾದಕರಿದ್ದರೂ ಕಿವುಡ ವಿದ್ಯಾರ್ಥಿಗಳು ಸಹಪಾಠಿಗಳಷ್ಟು ಕಲಿಯುತ್ತಿರಲಿಲ್ಲ. ಕಿವುಡ ಮಗುವೆಂದರೆ ಕೇಳಿಸದಿರುವುದೊಂದನ್ನುಳಿದು ಮಿಕ್ಕೆಲ್ಲದರಲ್ಲೂ ಇತರರಂತೆಯೇ ಇರುವ ಮಗುವಲ್ಲ. ಅದು ತಿಳಿಯುವ ಬಗೆಯೇ ಬೇರೆ, ಕಲಿಸುವ ಬಗೆಯೂ ಬದಲಾಗಬೇಕು ಎಂದು ಅವರು ವಾದಿಸಿದರು.

ಓದುತ್ತಾ ನನ್ನ ತಪ್ಪು ನನಗೇ ಕಂಡಿತು. ಪರನಾಡಿನಲ್ಲಿ ಮಕ್ಕಳ ಬಾಯಲ್ಲಿ ಕನ್ನಡ ಉಳಿಯಲೆಂದು ಹಟ ಹಿಡಿದವಳು ನಾನು. ಅವಳು ಕೈಯಾಡಿಸಿದಾಗಲೆಲ್ಲ ತಡೆದು, ತುಟಿ ನೋಡೆಂದು ಗದರಿದವಳೂ ನಾನೇ. ಆಟದ ಬಯಲಲ್ಲಿ ಗೆಳತಿಯರಿಂದ ಅವಳು ಕಲಿತು ತಂದ ಭಾಷೆಗೆ ನಮ್ಮ ಮನೆಯಲ್ಲಿ ಜಾಗವಿರಲಿಲ್ಲ.

52ನೆಯ ವಯಸ್ಸಿನಲ್ಲಿ ನಾನು ಭಾರತೀಯ ಸನ್ನೆ ಭಾಷೆ ಕಲಿಯತೊಡಗಿದೆ. ಒಂದು ಸಂಜೆ ಡೊಂಬಿವಲಿ ನಿಲ್ದಾಣದಲ್ಲಿ ಲೋಕಲ್ ಬಂದು ನಿಂತು ಬಾಗಿಲುಗಳಿಂದ ಜನ ಹೊರಚೆಲ್ಲಿದರು. ಅವಳು ನನ್ನ ಸೆರಗೆಳೆದು, ಹೊಟ್ಟೆ ಹಿಡಿದು, ಬಾಯಿಂದ ಹತ್ತೂ ಬೆರಳುಗಳನ್ನು ಹೊರಕ್ಕೆ ಚಿಮ್ಮಿಸಿದಳು: ರೈಲು ವಾಂತಿ ಮಾಡಿಕೊಂಡಿತ್ತು. ನಾನು ನಕ್ಕೆ. ದೊಡ್ಡಮ್ಮನಿಗೆ ಅರ್ಥವಾಯಿತೆಂದು ಖಚಿತಪಡಿಸಿಕೊಳ್ಳಲು ಅವಳು ಮತ್ತೊಮ್ಮೆ ಮಾಡಿ ತೋರಿಸಿದಳು.